ಟೊಳ್ಳು ತಿರುಗಿದ ಚಕ್ರ

ಸೋಮವಾರ, ನವೆಂಬರ್ ೮

ನಿನ್ನೆ ಮಧ್ಯಾಹ್ನ ಬಸ್ಸಿನಿಂದ ಇಳಿದವಳು ಮನೆಗೂ ಹೋಗದೆ ನೇರ ಜೆಟ್ಟಿಗೆ ಹೋದೆ. ಮಗಳ ಬಾಣಂತನ ಅರ್ಧಕ್ಕೆ ಬಿಟ್ಟು ಬಂದಿದ್ದೇನೆ. ಮಗುವಿಗೆ ಅಜ್ಜಿಯ ಮುಖ ಇನ್ನೂ ಗುರುತು ಹತ್ತಿಲ್ಲ, ಹಾಗಾಗಿ ಅದಕ್ಕೇನೂ ನಷ್ಟವಿಲ್ಲ. ಮಗಳಿಗೆ ಇದೆ. ಆದರೆ ಫೋನಿನಲ್ಲಿ ಇವರ ದನಿ ಕೇಳಿದ ಮೇಲೆ ಅಲ್ಲಿ ಕೂತು ಲಂಗೋಟಿ ಮಡಚುವುದು ನನ್ನಿಂದಾಗಲಿಲ್ಲ.

ನಡೆದದ್ದು ಇಷ್ಟು. ಶನಿವಾರ ಬೆಳಿಗ್ಗೆ ಎದುರು ದಡದಿಂದ ಜನ ತುಂಬಿಕೊಂಡು ಬಂದ ನಮ್ಮ ಬೋಟು, ಜೆಟ್ಟಿ ಹತ್ತಿರ ತಿರುಗಬೇಕಾದಲ್ಲಿ ತಿರುಗದೆ ಕಲ್ಲುಕಟ್ಟೆಯ ಮೂಲೆಗೆ ಗುದ್ದಿತು. ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಗಣಿತದ ಟೀಚರ ಮಣಿಕಟ್ಟು ಮುರಿಯಿತು. ಚಕ್ರ ಹಿಡಿದಿದ್ದವರು ಎಂದಿನಂತೆ ಇವರೇ. ಯಾರು ಕೇಳಿದರೂ ಇವರದು ಒಂದೇ ಮಾತು: "ಚಕ್ರ ತಿರುಗಿಸ್ದೆ. ಟೊಳ್ಳು ತಿರುಗ್ತು." ಅದರಾಚೆ ತುಟಿ ಪಿಟಕ್ ಅನ್ನುವುದಿಲ್ಲ.

ಹಾಗಾಗಿ ಉಳಿದದ್ದನ್ನು ನಾನು ಹೇಳಿದೆ. ಟಿಕೆಟ್ ಕಿಟಕಿಯಲ್ಲಿ ಹೇಳಿದೆ, ಬ್ರೆಡ್ ಅಂಗಡಿಯಲ್ಲಿ ಹೇಳಿದೆ, ಆಸ್ಪತ್ರೆಯ ವರಾಂಡದಲ್ಲಿ ಟೀಚರ ತಮ್ಮನಿಗೂ ಹೇಳಿದೆ. ಸ್ಟೀರಿಂಗ್ ಕೈಕೊಟ್ಟಿತು, ಮನುಷ್ಯ ಏನು ಮಾಡಿಯಾನು ಎಂದೆ. ಮದುವೆಯಾದಂದಿನಿಂದ ಮಾತಿನ ಖಾತೆ ನನ್ನದು, ಚಕ್ರದ ಖಾತೆ ಇವರದು. ಬೇರೆಯವರ ಬೋಟಿನಲ್ಲಿ ಥರ್ಮಾಸು ಹಿಡಿದು ಕಾಫಿ ಮಾರುತ್ತಿದ್ದವಳು ನಾನು, ಅದೇ ಬೋಟು ನಡೆಸುತ್ತಿದ್ದವರು ಇವರು. ಈಗ ಬೋಟು ನಮ್ಮದು. ಮಾತು ಮಾರಿ ಬೋಟು ಕೊಂಡಳು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರಲ್ಲಿ ಆ ಸರಕು ಇಲ್ಲ.

ನಾಳೆ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ. ಅದಕ್ಕೇ ಚೀಲ ಇಳಿಸಿದವಳೇ ಸೀರೆ ಎತ್ತಿ ಕಟ್ಟಿ ಬೋಟು ತೊಳೆದೆ. ನಾನಿಲ್ಲದ ಇಷ್ಟು ದಿನ ಒಬ್ಬರೂ ಪೊರಕೆ ಮುಟ್ಟಿಲ್ಲ. ಬೆಂಚಿನ ಕೆಳಗೆ ಕಡಲೆಸಿಪ್ಪೆ, ಗಾಜಿನ ಮೇಲೆ ಉಪ್ಪಿನ ಪೊರೆ. ಬೋಟಿನ ಹಿಂತುದಿಯ ಗೂಡಿನ ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಜಿನುಗಿ ಕೆಸರಿನಂತೆ ಕೂತಿತ್ತು. ಅದನ್ನೆಲ್ಲ ಬಟ್ಟೆಯಿಂದ ಬಳಿದು ತೆಗೆದೆ. ಚಕ್ರದ ಹಿಂದಿನ ಮುಚ್ಚಳ ಬಿಚ್ಚಿ ಅದಕ್ಕೂ ಎಣ್ಣೆ ಕುಡಿಸಿದೆ, ಈ ಸಲ ತುಂಬಾನೇ ಕುಡಿಯಿತು. ಸಂಜೆ ನೋಡಿದರೆ ಮತ್ತೆ ಇಳಿದಿತ್ತು, ಮತ್ತೆ ಹಾಕಿದೆ. ಬಂದವರ ಮುಂದೆ ಮನೆ ಕೊಳಕಾಗಿ ಕಾಣಬಾರದು.

ಇನ್ನೊಂದು ಮಾತು ಇಲ್ಲಿ ಬರೆಯಬೇಕು, ಬೇರೆಲ್ಲೂ ಆಡುವಂತಿಲ್ಲ. ಹೋದ ತಿಂಗಳು ಇವರ ಕೈಯಿಂದ ಗಾಜಿನ ಲೋಟ ಜಾರಿತು. ಅದಕ್ಕೂ ಮುಂಚೆ ಬೀಗದ ಕೈ. ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಕೈ ಅದ್ದಿ ನಿಲ್ಲುತ್ತಾರೆ. ನಾನು ಒಳಗೆ ಹೋದರೆ ಮುಖ ತೊಳೆಯುವವರಂತೆ ನಟಿಸುತ್ತಾರೆ.

ಸ್ಟೀರಿಂಗ್ ಕೆಟ್ಟಿತು ಎಂದು ಊರಿಗೆಲ್ಲ ಹೇಳಿದವಳು ನಾನೇ. ನಂಬದವಳೂ ನಾನೇ.

ಮಂಗಳವಾರ, ನವೆಂಬರ್ ೯

ಇನ್‌ಸ್ಪೆಕ್ಟರ್ ಸಣ್ಣ ವಯಸ್ಸಿನವರು, ಆದರೆ ತಲೆಯೆಲ್ಲ ನೆರೆತಿದೆ. ಬೂಟು ಕಳಚಿಟ್ಟು ಬೋಟು ಹತ್ತಿದರು. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಬಂತು. ಚಕ್ರವನ್ನು ಆ ಕೊನೆಯಿಂದ ಈ ಕೊನೆಗೆ, ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರು. ಅವರ ಜೊತೆ ಬಂದವನು ಹಿಂದೆ ನಿಂತು ಚುಕ್ಕಾಣಿ ನೋಡುತ್ತಿದ್ದ. "ಬರ್ತಿದೆ ಸಾರ್. ಹೋಗ್ತಿದೆ ಸಾರ್." ಚುಕ್ಕಾಣಿ ನಾಯಿಮರಿಯ ಹಾಗೆ ಹೇಳಿದ್ದು ಕೇಳುತ್ತಿತ್ತು. ಎಣ್ಣೆ ನೋಡಿದರು, ಕಂಠದವರೆಗೆ ಇದೆ. ಹಿಂದಿನ ಮುಚ್ಚಳ ತೆಗೆದು ನೋಡಿದರು, ಕನ್ನಡಿ.

"ಇಷ್ಟು ಚೊಕ್ಕವಾಗಿರೋ ಬೋಟು ನಾನು ನೋಡೇ ಇಲ್ಲಮ್ಮ," ಎಂದರು.

"ಮನೆ ಹೀಗೇ ಇಟ್ಕೊಂಡಿದೀನಿ ಸಾರ್, ಬೇಕಾದ್ರೆ ಬಂದು ನೋಡಿ," ಎಂದೆ. ಹೊಗಳಿದರೆ ಯಾರಿಗೆ ತಾನೆ ಹಿಗ್ಗಾಗುವುದಿಲ್ಲ. ಹಿಗ್ಗುತ್ತಲೇ ಇವರ ಕಡೆ ತಿರುಗಿದೆ. ಇವರ ಮುಖದಲ್ಲಿ ರಕ್ತವಿರಲಿಲ್ಲ.

ಆಗ ಹೊಳೆಯಿತು. ಸ್ಟೀರಿಂಗ್ ಸರಿಯಿದ್ದರೆ ಸರಿಯಿಲ್ಲದ್ದು ಯಾವುದು?

ಇನ್‌ಸ್ಪೆಕ್ಟರ್ ಸುತ್ತಿಬಳಸಿ ಹೇಳುವ ಜಾತಿಯಲ್ಲ. ಬೋಟು ಕಟ್ಟಿಯೇ ಇರಬೇಕು. ಸ್ಟೀರಿಂಗ್ ಪೂರ್ತಿ ಬಿಚ್ಚಿ ನೋಡಿದ ಮೆಕ್ಯಾನಿಕ್ ಬರೆದುಕೊಡಬೇಕು. ದೋಷ ಇದ್ದರೆ ರಿಪೇರಿ, ಮತ್ತೆ ಪರೀಕ್ಷೆ. ದೋಷ ಇಲ್ಲ ಎಂದಾದರೆ ಇವರು ಚಕ್ರ ಬಿಡಬೇಕು. ಮತ್ತೆ ಬರುವುದು ಇಪ್ಪತ್ತೆರಡನೇ ತಾರೀಕಿಗೆ.

"ಬಿಡಬೇಕು ಅಂದ್ರೆ? ಎಷ್ಟು ದಿನಕ್ಕೆ ಸಾರ್?" ಎಂದೆ.

"ಎಷ್ಟು ದಿನಕ್ಕೆ ಅಂದ್ರೆ ಏನಮ್ಮ ಹೇಳ್ಲಿ. ವಯಸ್ಸು ಹಿಂದಕ್ಕೆ ಹೋಗುತ್ತಾ?"

ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಇವರು ಚಪ್ಪಲಿ ನೋಡಿಕೊಂಡು ನಡೆದರು. ಬಾಗಿಲಲ್ಲಿ ಬೀಗ ತೆಗೆಯುವಾಗ ಕೀಲಿ ಕೈ ನನಗೆ ಕೊಟ್ಟರು. ತಾವು ತೆಗೆಯಲಿಲ್ಲ.

ಗುರುವಾರ, ನವೆಂಬರ್ ೧೧

ಮೆಕ್ಯಾನಿಕ್ ಬಂದ. ಜೆಟ್ಟಿಯಲ್ಲಿ ಎಲ್ಲರೂ ಅವನನ್ನು "ಆಯ್ತನ್ಕೊಳ್ಳಿ" ಎಂದೇ ಕರೆಯುತ್ತಾರೆ, ಯಾವ ಕೆಲಸ ಕೊಟ್ಟರೂ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಅವನ ಬಾಯಿಂದ ಬರುವುದು ಅದೇ. ಹೊಟ್ಟೆ ಅವನಿಗಿಂತ ಮುಂಚೆ ಬೋಟು ಹತ್ತುತ್ತದೆ. ಕೆಲಸ ತಿಳಿದವನೇ. ಆದರೆ ಮೊದಲು ಏನನ್ನು ಅನುಮಾನಿಸುತ್ತಾನೋ ಅದನ್ನೇ ಕೊನೆಯವರೆಗೂ ಹಿಡಿದಿರುತ್ತಾನೆ.

"ಪಂಪು ಹೋಗಿದೆ ಅಕ್ಕಾ. ಆಯ್ತನ್ಕೊಳ್ಳಿ."

ನನಗೆ ಈ ಯಂತ್ರದ ವಿಷಯ ಇವತ್ತು ಮೊದಲ ಸಲ ಸರಿಯಾಗಿ ತಿಳಿಯಿತು. ಚಕ್ರಕ್ಕೂ ಚುಕ್ಕಾಣಿಗೂ ಸರಪಳಿ, ಹಗ್ಗ ಏನೂ ಇಲ್ಲ. ಚಕ್ರದ ಬೆನ್ನಿಗೆ ಒಂದು ಪಂಪು. ಅದು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ನೆಲದಡಿಯ ಎರಡು ಪೈಪುಗಳಲ್ಲಿ ಹಿಂದಿನವರೆಗೆ ಹೋಗಿ ಅಲ್ಲಿನ ಸಿಲಿಂಡರಿನ ಕಬ್ಬಿಣದ ಕೋಲನ್ನು ನೂಕುತ್ತದೆ. ಆ ಕೋಲು ಚುಕ್ಕಾಣಿಯನ್ನು ತಿರುಗಿಸುತ್ತದೆ. ಅಂದರೆ ಇಷ್ಟು ವರ್ಷ ಇವರು ಹಿಡಿದದ್ದು ಚುಕ್ಕಾಣಿಯನ್ನಲ್ಲ, ಎಣ್ಣೆಯನ್ನು. ಹೇಳಿದೆ. ಯಾರೂ ನಗಲಿಲ್ಲ.

ಪಂಪು ಇಳಿಸಿ, ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಹಲ್ಲು ಕಿತ್ತು ಜೋಡಿಸಿದ ಹಾಗೆ ಒಂದೊಂದೇ ಭಾಗ ಸಾಲಾಗಿಟ್ಟ. ನಾನು ಪಕ್ಕದಲ್ಲೇ ಕೂತಿದ್ದೆ. ಲೋಕದಲ್ಲಿ ಎಲ್ಲರೂ ರಿಪೇರಿಯವನು "ಏನೂ ಆಗಿಲ್ಲ" ಅನ್ನಲಿ ಎಂದು ಹರಕೆ ಹೊರುತ್ತಾರೆ. ನಾನೊಬ್ಬಳು, ಏನಾದರೂ ಮುರಿದಿರಲಿ, ಸವೆದಿರಲಿ, ಬಿರುಕು ಬಿಟ್ಟಿರಲಿ ಎಂದು ಉಗುರು ಕಚ್ಚುತ್ತ ಕೂತವಳು.

"ಹೊಸದರ ಹಾಗಿದೆಯಲ್ಲಕ್ಕಾ," ಎಂದ. ಅವನಿಗೇ ಬೇಸರವಾಗಿತ್ತು.

"ಸರಿಯಾಗಿ ನೋಡೋ."

"ಇನ್ನೇನು ಭೂತಗನ್ನಡಿ ಹಿಡಿದು ನೋಡ್ಲಾ? ಪಂಪು ಕುದುರೆ ಹಾಗಿದೆ. ಬಿಡಿ, ಪೈಪಲ್ಲಿರುತ್ತೆ. ಆಯ್ತನ್ಕೊಳ್ಳಿ."

ಇವರು ದಡದ ಮೇಲೆ ನಿಂತಿದ್ದರು. ಬೋಟಿಗೆ ಕಾಲಿಡಲೇ ಇಲ್ಲ. ಪಂಪು ಸರಿಯಿದೆ ಎಂದದ್ದು ಕೇಳಿಸಿತು ಎಂದು ಕಾಣುತ್ತದೆ, ಆಚೆ ತಿರುಗಿ ನೀರು ನೋಡತೊಡಗಿದರು.

ಸಂಜೆ ಅವನು ಹೋದ ಮೇಲೆ ಬೋಟು ಒರೆಸಿ ಬಂದೆ.

ಶುಕ್ರವಾರ, ನವೆಂಬರ್ ೧೨

ಟೀಚರನ್ನು ನೋಡಿ ಬಂದೆ. ಕೈ ಪ್ಲಾಸ್ಟರಿನಲ್ಲಿದೆ, ಬಾಯಿ ಸರಿಯಾಗಿದೆ.

"ನಿಮ್ಮೆಜಮಾನ್ರ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಅವತ್ತು ಅವರನ್ನ ನೋಡಿ ಹೆದರ್ಕೊಂಡೆ ಕಣ್ರೀ. ಬೋಟು ಗುದ್ದಿ ನಾವೆಲ್ಲ ಬಿದ್ದಿದೀವಿ, ಅವರು ಇನ್ನೂ ಚಕ್ರ ತಿರುಗಿಸ್ತಾನೇ ಇದ್ದಾರೆ. ಗರಗರ, ಗರಗರ. ಯಾರೋ ಬಂದು ಕೈ ಹಿಡಿದು ನಿಲ್ಲಿಸಬೇಕಾಯ್ತು."

ಪಾಪ, ಎಷ್ಟು ಗಾಬರಿಯಾಗಿತ್ತೋ ಇವರಿಗೆ. ಬೆರಳಿಗೆ ಏನೂ ತಿಳಿಯದೆ ತಿರುಗಿಸಿದರೇನೋ ಎಂದುಕೊಂಡೆ.

ವಾಪಸು ಬರುವಾಗ ಬ್ರೆಡ್ ಅಂಗಡಿಯವಳು ಕರೆದಳು. "ಬೋಟು ಫಳಫಳ ಹೊಳೀತಿದೆಯಂತೆ, ಓಡ್ಸೋರಿಲ್ವಂತೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ."

"ನಿನ್ನ ಬ್ರೆಡ್ಡಿಗಿಂತ ಬೋಟಿನ ಹಲಗೆ ಮೆತ್ತಗಿದೆ, ಬಂದು ಕಚ್ಚಿ ನೋಡು," ಎಂದೆ. ಆದರೆ ಮೊದಲಿನ ಖಾರ ಬರಲಿಲ್ಲ. ಅವಳಿಗೂ ಗೊತ್ತಾಯಿತು. ಬ್ರೆಡ್ಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ.

ಸೋಮವಾರ, ನವೆಂಬರ್ ೧೫

ಪೈಪೂ ಸರಿಯಿದೆ. ನೆಲದ ಹಲಗೆ ಕಿತ್ತು ಎರಡನ್ನೂ ಉದ್ದಕ್ಕೆ ಸವರಿ ನೋಡಿದ. ಒಂದು ಗೀರೂ ಇಲ್ಲ. ಚಕ್ರ ಹಿಡಿದು ದಿನವಿಡೀ ಆಚೆ ಈಚೆ ತಿರುಗಿಸಿದ. ಚುಕ್ಕಾಣಿ ಸೊಗಸಾಗಿ ಆಡಿತು. ನನಗೆ ಅದನ್ನು ಒದೆಯಬೇಕೆನಿಸಿತು. ಸಂಜೆ ಹಿಂದಿನ ಮುಚ್ಚಳದೊಳಗೆ ಸ್ವಲ್ಪ ಜಿಡ್ಡು ಇತ್ತು, ಅವನು ಎಣ್ಣೆ ಕೈಯಲ್ಲೇ ಎಲ್ಲ ಮುಟ್ಟುತ್ತಾನೆ. ಒರೆಸಿದೆ.

ಮನೆಯಲ್ಲಿ ನಾನೊಂದು ಕೆಟ್ಟ ಕೆಲಸಕ್ಕೆ ಇಳಿದಿದ್ದೇನೆ. ಮೊನ್ನೆಯಿಂದ ಇವರಿಗೆ ಪರೀಕ್ಷೆ ಒಡ್ಡುತ್ತಿದ್ದೇನೆ. ಅಡುಗೆಮನೆಯಿಂದ "ಹಿಡ್ಕೊಳ್ಳಿ" ಎಂದು ಈರುಳ್ಳಿ ಎಸೆದೆ, ಹಿಡಿದರು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾಗಿದೆ ಎಂದು ಕೊಟ್ಟೆ, ತೆಗೆದುಕೊಟ್ಟರು. ಇವತ್ತು ಸೂಜಿಯೂ ದಾರವೂ ಹಿಡಿದುಕೊಂಡು ಹೋಗಿ, "ರೀ, ನನಗೆ ಕಣ್ಣೇ ಕಾಣಲ್ಲ, ಇದಕ್ಕೊಂದಿಷ್ಟು ಪೋಣಿಸಿಕೊಡಿ," ಎಂದೆ.

ಕಿಟಕಿಯ ಬೆಳಕಿಗೆ ಹಿಡಿದರು. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ದಾರದ ತುದಿ ನಾಲಿಗೆಗೆ ಒತ್ತಿ, ಉಸಿರು ಹಿಡಿದು ಪೋಣಿಸಿದರು. ನನ್ನ ಕೈಗೆ ಕೊಡುವಾಗ ಮುಖ ನೋಡಲಿಲ್ಲ.

"ನಾಳೆ ಏನು ಪರೀಕ್ಷೆ? ಮೊದಲೇ ಹೇಳಿದ್ರೆ ಓದ್ಕೊಂಡು ಬರ್ತೀನಿ."

ನಾನು ಏನು ಪರೀಕ್ಷೆ, ಯಾವ ಪರೀಕ್ಷೆ ಎಂದು ಏನೇನೋ ಬಡಬಡಿಸಿದೆ. ಸೂಜಿ ಕೈಯಲ್ಲೇ ಉಳಿಯಿತು. ಹೊಲಿಯಲು ಏನೂ ಇರಲಿಲ್ಲ.

ಮಂಗಳವಾರ, ನವೆಂಬರ್ ೧೬

ಮೆಕ್ಯಾನಿಕ್ ಬರಲಿಲ್ಲ. ಏನೂ ಇಲ್ಲ. ಸುಸ್ತು.

ಬುಧವಾರ, ನವೆಂಬರ್ ೧೭

ಬರೆಯಲು ಕೈ ಬರುತ್ತಿಲ್ಲ, ಬರೆಯದಿದ್ದರೆ ತಲೆ ನಿಲ್ಲುತ್ತಿಲ್ಲ.

ಆಯ್ತನ್ಕೊಳ್ಳಿ ಕೈಚೆಲ್ಲಿದ. ಬೆಳಿಗ್ಗೆ ಸಿಲಿಂಡರನ್ನೂ ಹೊರಗಿನಿಂದ ನೋಡಿದ. ಒಣಗಿದೆ, ಚೊಕ್ಕವಾಗಿದೆ, ಸೋರುವ ಸುಳಿವೇ ಇಲ್ಲ. ಇವರನ್ನು ದಡದಿಂದ ಕರೆದ. ಇವರು ತಪಾಸಣೆಯ ದಿನದ ನಂತರ ಮೊದಲ ಸಲ ಬೋಟಿಗೆ ಬಂದರು. ನಾನು ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದೆ.

"ಅಣ್ಣಾ, ಕೊನೇದಾಗಿ ಒಂದು ಕೇಳ್ತೀನಿ. ಎಣ್ಣೆ ಎಷ್ಟು ದಿನಕ್ಕೊಂದ್ಸಲ ಹಾಕ್ತಿದ್ರಿ?"

"ಹಾಕೋ ಮಾತೇ ಇಲ್ಲ. ಆವಾಗಾವಾಗ ಮುಚ್ಚಳ ತೆಗೆದು ನೋಡ್ತೀನಿ, ಯಾವಾಗ್ಲೂ ಭರ್ತಿ ಇರುತ್ತೆ. ಇಳಿಯೋದೇ ಇಲ್ಲ."

"ಮತ್ತೆ ಅದೇ ತಾನೆ. ಇದು ಮುಚ್ಚಿದ ದಾರಿ. ಎಣ್ಣೆ ಎಲ್ಲಿಗೂ ಹೋಗೋ ಹಾಗಿಲ್ಲ. ಇಳೀತು ಅಂದ್ರೆ ಎಲ್ಲೋ ಸೋರ್ತಿದೆ ಅಂತ. ಸೋರಿದ್ರೆ ಆ ಜಾಗಕ್ಕೆ ಗಾಳಿ ಹೊಕ್ಕುತ್ತೆ. ಗಾಳಿ ಹೊಕ್ರೆ ಚಕ್ರ ತಿರುಗ್ತಾ ಇರುತ್ತೆ, ಚುಕ್ಕಾಣಿಗೆ ಸುದ್ದೀನೇ ಮುಟ್ಟಲ್ಲ. ನಿಮ್ಮದರಲ್ಲಿ ಎಣ್ಣೆ ಇಳಿದೇ ಇಲ್ಲ ಅಂದ್ಮೇಲೆ..." ಮುಂದೆ ಹೇಳಲು ಅವನಿಗೂ ನಾಚಿಕೆಯಾಯಿತು. "ನಾನು ಸುಳ್ಳು ಬರೆಯೋಕಾಗಲ್ಲ ಅಣ್ಣಾ. ದೋಷ ಇಲ್ಲ ಅಂತಾನೇ ಬರೀಬೇಕು."

"ಬರಿ," ಎಂದರು ಇವರು.

ಕಾಫಿ ಲೋಟದಿಂದ ಹೊರಗೆ ಹರಿದು ನನ್ನ ಕಾಲ ಮೇಲೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಮುಟ್ಟಿ ನೋಡಿಕೊಂಡೆ.

ಹೋದ ಚಳಿಗಾಲದಿಂದ ಎಣ್ಣೆ ಹಾಕುತ್ತಿರುವವಳು ನಾನು. ಬೋಟು ತೊಳೆಯುವಾಗ ಹಿಂದೆ ಜಿನುಗಿದ್ದನ್ನು ಒರೆಸುವುದು, ಮುಂದೆ ಇಳಿದಷ್ಟು ತುಂಬಿಸುವುದು. ಎಣ್ಣೆ ಡಬ್ಬಿ ಇರುವುದು ನನ್ನ ಬಕೆಟ್ಟು, ಸೋಪುಪುಡಿಗಳ ಜೊತೆ. ಬಾಗಿಲ ಕೀಲಿಗೆ ಎಣ್ಣೆ ಬಿಡುವುದಿಲ್ಲವೆ, ಹೊಲಿಗೆ ಯಂತ್ರಕ್ಕೆ ಬಿಡುವುದಿಲ್ಲವೆ, ಹಾಗೆ ಇದೂ ಒಂದು ಎಂದುಕೊಂಡಿದ್ದೆ. ಮಗಳ ಮನೆಗೆ ಹೋದಾಗ ಹಾಕುವವರಿರಲಿಲ್ಲ, ಆ ದಿನಗಳಲ್ಲಿ ಇವರು ಮುಚ್ಚಳ ತೆಗೆದು ನೋಡಿಯೂ ಇಲ್ಲವೆಂದು ಕಾಣುತ್ತದೆ. ಬಂದವಳೇ ಮಾಡಿದ ಮೊದಲ ಕೆಲಸ ಒರೆಸಿ ತುಂಬಿಸಿದ್ದು. ಇನ್‌ಸ್ಪೆಕ್ಟರ್ ಬರುವ ಮುಂಚೆಯೂ ಒರೆಸಿದೆ, ಮೆಕ್ಯಾನಿಕ್ ಬರುತ್ತಿದ್ದ ದಿನಗಳಲ್ಲೂ ಸಂಜೆ ಸಂಜೆ ಒರೆಸಿದೆ. ಇವರು ನಿರಪರಾಧಿ ಎಂದು ಹೇಳುವ ಸಾಕ್ಷಿ ಇದ್ದದ್ದು ಅದೊಂದೇ. ಅದನ್ನು ಬಟ್ಟೆಯಲ್ಲಿ ಬಳಿದು, ಸೋಪು ಹಾಕಿ ಒಗೆದು, ತಂತಿಯ ಮೇಲೆ ಒಣಹಾಕಿದ್ದೇನೆ.

ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದೆ. "ಕಾಫಿ ಆರೋಗುತ್ತೆ, ಕುಡೀರಿ," ಎಂದೆ.

ಗುರುವಾರ, ನವೆಂಬರ್ ೧೮

ಮಧ್ಯಾಹ್ನ ಒಬ್ಬಳೇ ಹೋಗಿ ಚಕ್ರವನ್ನು ತೋಳು ಸೋಲುವವರೆಗೆ ತಿರುಗಿಸಿದೆ. ಆಮೇಲೆ ಹಿಂದೆ ಹೋಗಿ ಮುಚ್ಚಳ ತೆಗೆದು ಕೂತೆ. ಕಬ್ಬಿಣದ ಕೋಲು ಸಿಲಿಂಡರಿನಿಂದ ಹೊರಬರುವ ಕಡೆ ಒಂದು ಹನಿ ಕೂತಿತ್ತು. ನೋಡುತ್ತಿದ್ದ ಹಾಗೆ ದಪ್ಪಗಾಗಿ ಬಿತ್ತು. ಅದರ ಹಿಂದೆ ಇನ್ನೊಂದು.

ಬಟ್ಟೆ ಹೆಗಲ ಮೇಲೇ ಇತ್ತು. ಒರೆಸಲಿಲ್ಲ.

ಶುಕ್ರವಾರ, ನವೆಂಬರ್ ೧೯

ಹೇಳಿದೆ.

ಬೆಳಿಗ್ಗೆ ಇವರು ಬಚ್ಚಲಲ್ಲಿ ಬಿಸಿನೀರಿಗೆ ಕೈ ಅದ್ದಿ ನಿಂತಿದ್ದರು. ನಾನು ಬಾಗಿಲಲ್ಲಿ ನಿಂತೆ. ಈ ಸಲ ಇವರು ಮುಖ ತೊಳೆಯುವ ನಟನೆ ಮಾಡಲಿಲ್ಲ, ಅಷ್ಟರ ಮಟ್ಟಿಗೆ ಸೋತಿದ್ದರು.

"ರೀ, ಸ್ಟೀರಿಂಗಿಗೆ ಎಣ್ಣೆ ನಾನು ಹಾಕ್ತಿದ್ದೆ."

"ಯಾವ ಎಣ್ಣೆ?"

"ಅದೇ ಎಣ್ಣೆ. ಹಿಂದೆ ಸೋರೋದು, ಒರೆಸ್ತಿದ್ದೆ. ಮುಂದೆ ಇಳಿಯೋದು, ತುಂಬಿಸ್ತಿದ್ದೆ. ಹೋದ ಚಳಿಗಾಲದಿಂದ."

ನೀರಿನಿಂದ ಕೈ ತೆಗೆದರು. ಒರೆಸಿಕೊಳ್ಳಲಿಲ್ಲ. ನೀರು ತೊಟ್ಟಿಕ್ಕುತ್ತಿತ್ತು.

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಇಳಿದಿದ್ರೆ ತಾನೆ ಕೇಳೋದು?"

ಬೋಟು ಒರೆಸಿದ ಸಂಜೆಗಳನ್ನೆಲ್ಲ, ನಿನ್ನೆ ನೋಡಿದ ಹನಿಯನ್ನು, ಒಂದನ್ನೂ ಬಿಡದೆ ಹೇಳಿದೆ. ಇವರು ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗಬಹುದಿತ್ತು.

"ಹಾಗಾದ್ರೆ ನೀನು ಊರೆಲ್ಲ ಹೇಳ್ಕೊಂಡು ಬಂದದ್ದು ನಿಜಾನೇ ಆಯ್ತು," ಎಂದರು.

"ಹೌದು ರೀ."

"ಹೇಳುವಾಗ ನಿನಗೆ ಗೊತ್ತಿರ್ಲಿಲ್ಲ."

ಕೈ ಒರೆಸಿಕೊಳ್ಳಲಿ ಎಂದು ಟವೆಲು ಚಾಚಿದೆ, ಇವರು ತೆಗೆದುಕೊಳ್ಳಲಿಲ್ಲ.

"ನೀನು ಸುಳ್ಳು ಅಂದ್ಕೊಂಡೇ ಹೇಳ್ತಿದ್ದೆ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಈ ಬಾಯಿಗೆ ಏನು ಬಂದಿದೆಯೋ ಈಚೆಗೆ. ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಊಟದ ಹೊತ್ತಿಗೆ ಬಂದರು, ಉಂಡರು, ತಟ್ಟೆ ತಾವೇ ತೊಳೆದಿಟ್ಟರು. ಮೆಕ್ಯಾನಿಕ್ಕಿಗೆ ಆಗಲೇ ಹೇಳಿಯಾಗಿತ್ತಂತೆ. ನಾಳೆ ಸಿಲಿಂಡರ್ ಬಿಚ್ಚುತ್ತಾನೆ.

ಶನಿವಾರ, ನವೆಂಬರ್ ೨೦

ಸಿಲಿಂಡರಿನ ಬಾಯಿಗೆ ಒಂದು ರಬ್ಬರ್ ಸೀಲು. ಗಾಜಿನ ಬಳೆಯಷ್ಟು. ಆಯ್ತನ್ಕೊಳ್ಳಿ ಅದನ್ನು ಉಗುರಿನಲ್ಲಿ ಎಬ್ಬಿಸಿ ನನ್ನ ಅಂಗೈಯಲ್ಲಿ ಇಟ್ಟ. ರಬ್ಬರ್ ಅನ್ನುವ ಹಾಗಿರಲಿಲ್ಲ, ಒಣಗಿದ ಕಿತ್ತಳೆ ಸಿಪ್ಪೆಯಂತೆ ಗಡುಸಾಗಿ ಒಂದು ಕಡೆ ಹರಿದಿತ್ತು.

"ಇದನ್ನ ಮೊದಲೇ ಬಿಚ್ಚಬೇಕಿತ್ತು, ನನ್ನದೂ ತಪ್ಪೇ," ಎಂದ. "ಆದ್ರೆ ಅಕ್ಕಾ, ನೀವು ಇಷ್ಟು ಚೆನ್ನಾಗಿ ಒರೆಸಿದ್ರೆ ಯಾವ ಮಗ ಕಂಡುಹಿಡೀತಾನೆ? ಕೊಲೆ ಮಾಡಿದೋರು ನಿಮ್ಮನ್ನ ಕೆಲಸಕ್ಕಿಟ್ಕೋಬೇಕು."

ಹೊಸ ಸೀಲು ಕೂರಿಸಿದ. ಆಮೇಲೆ ಒಳಗೆ ಸಿಕ್ಕಿರುವ ಗಾಳಿ ತೆಗೆಯಬೇಕು. ಅದಕ್ಕೆ ಎರಡು ಜನ ಬೇಕು. ಒಬ್ಬರು ಮುಂದೆ ಚಕ್ರ ತಿರುಗಿಸಬೇಕು, ಇನ್ನೊಬ್ಬರು ಹಿಂದಿನ ಗೂಡಿನಲ್ಲಿ ಇಳಿದು ಸಿಲಿಂಡರಿನ ಸಣ್ಣ ತಿರುಪು ಸಡಿಲಿಸಿ, ಗುಳ್ಳೆ ಬರುವುದು ನಿಂತಾಗ ಬಿಗಿ ಮಾಡಬೇಕು. ಅವನ ಹೊಟ್ಟೆ ಆ ಗೂಡಿನಲ್ಲಿ ಇಳಿಯದು. ಅಲ್ಲಿ ಇಳಿಯುವ ಅಭ್ಯಾಸ ಯಾರಿಗಿದೆ ಎಂದು ಎಲ್ಲರಿಗೂ ಗೊತ್ತು. ಇವರು ಚಕ್ರಕ್ಕೆ ಹೋದರು.

ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ. ಗೂಡಿನೊಳಗಿಂದ ನನಗೆ ಇವರು ಕಾಣುವುದಿಲ್ಲ, ಇವರಿಗೆ ನಾನು ಕಾಣುವುದಿಲ್ಲ. ಕೂಗಲೇಬೇಕು.

"ಬಿಟ್ಟೆಯಾ?"

"ಬಿಟ್ಟೆ!"

"ಗುಳ್ಳೆ?"

"ಬರ್ತಿದೆ! ದೊಡ್ಡ ದೊಡ್ಡದು!"

"ಈಗ?"

"ಇನ್ನೂ! ನಿಲ್ಲಿಸ್ಬೇಡಿ!"

ಪಾರದರ್ಶಕ ನಳಿಗೆಯಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಹೊರಬಂದು ಬಾಟಲಿಯಲ್ಲಿ ಒಡೆಯುತ್ತಿದ್ದವು. ಮಧ್ಯೆ ಮಧ್ಯೆ ಮೆಕ್ಯಾನಿಕ್ ಮುಂದಿನ ಪಂಪಿಗೆ ಎಣ್ಣೆ ಸುರಿಯುತ್ತಿದ್ದ. ಬಿಡು, ಕಟ್ಟು, ಬಿಡು, ಕಟ್ಟು. ಸೊಂಟ ಮುರಿದುಹೋಯಿತು. ಒಂದು ಸಲ ನಾನು ಗುಳ್ಳೆ ನೋಡುತ್ತ ಮೈಮರೆತು ಉತ್ತರ ಕೊಡಲಿಲ್ಲ. ಮುಂದಿನಿಂದ ದನಿ ಬಂತು: "ಏಯ್, ಇದ್ದೀಯೇನೇ?"

"ಇದ್ದೀನಿ!"

"ಮಾತಾಡ್ತಿರು. ನೀನು ಸುಮ್ಮನಾದ್ರೆ ನನಗೆ ಏನು ನಡೀತಿದೆ ಅಂತ ಗೊತ್ತಾಗಲ್ಲ."

ಮಾತಾಡುತ್ತಿದ್ದೆ. ಗುಳ್ಳೆಗಳ ಬಗ್ಗೆ ಅಷ್ಟೆ.

ಸೋಮವಾರ, ನವೆಂಬರ್ ೨೨

ಇನ್‌ಸ್ಪೆಕ್ಟರ್ ಬಂದರು. ಜೆಟ್ಟಿಯಲ್ಲಿ ಕೆಲಸವಿಲ್ಲದವರೆಲ್ಲ ಸೇರಿದ್ದರು, ಕೆಲಸವಿದ್ದ ಬ್ರೆಡ್ ಅಂಗಡಿಯವಳೂ ಬಾಗಿಲೆಳೆದು ಬಂದಿದ್ದಳು. ಮೆಕ್ಯಾನಿಕ್ ಹರಿದ ಸೀಲು ತೋರಿಸಿದ.

"ಇಷ್ಟು ಸೋರ್ತಿದ್ರೆ ಅವತ್ತು ನನಗೆ ಎಣ್ಣೆ ಭರ್ತಿ ಕಂಡದ್ದು ಹೇಗೆ?" ಎಂದರು ಇನ್‌ಸ್ಪೆಕ್ಟರ್.

ನಾನು ಮುಂದೆ ಹೋದೆ. ರಾತ್ರಿಯೆಲ್ಲ ಒಂದು ಭಾಷಣ ಕಟ್ಟಿಟ್ಟುಕೊಂಡಿದ್ದೆ, ಹಾವೂ ಸಾಯದ ಕೋಲೂ ಮುರಿಯದ ಭಾಷಣ. ಒಂದಕ್ಷರ ಬರಲಿಲ್ಲ. "ನಾನು ಒರೆಸಿದೆ ಸಾರ್. ನಾನೇ ತುಂಬಿಸಿದೆ. ನೀವು ಬರೋ ಮುಂಚೆ," ಎಂದೆ.

"ಯಾರು ಹೇಳಿದ್ರು ನಿಮಗೆ ಹಾಗೆ ಮಾಡೋಕೆ? ಅಪಘಾತ ಆದ ಬೋಟು! ತೊಳೆದಿಟ್ಟು ಅವತ್ತು ನನ್ನ ಹತ್ರ ಭೇಷ್ ಬೇರೆ ಅನ್ನಿಸ್ಕೊಂಡ್ರಿ."

ಜನ ನಕ್ಕರು. ತಲೆ ತಗ್ಗಿಸಿದೆ. ಆಗ ಹಿಂದಿನಿಂದ ಇವರು ಮಾತಾಡಿದರು. ಇವರು ಗುಂಪಿನಲ್ಲಿ ಮಾತಾಡಿದ್ದನ್ನು ನಾನು ಈವರೆಗೆ ಕೇಳಿಲ್ಲ.

"ಸಾರ್, ಅವಳು ಮಾಡಿದ್ದು ತಪ್ಪೇ. ಆದ್ರೆ ಸೀಲು ನೋಡಬೇಕಾಗಿದ್ದೋನು ನಾನು. ಮುಂದಿನ ಮುಚ್ಚಳ ತೆಗೆದು ನೋಡಿ ಖುಷಿಪಡ್ತಿದ್ದೆ, ಹಿಂದೆ ಬಗ್ಗಿ ನೋಡ್ಲಿಲ್ಲ. ಬರೆಯೋದಿದ್ರೆ ನನ್ನ ಹೆಸರಲ್ಲಿ ಬರೀರಿ."

ಬರೆದರು. ಎಚ್ಚರಿಕೆ ಎಂದು ಬರೆದರು. ಪೆನ್ನಿನ ಮುಚ್ಚಳ ಹಾಕುತ್ತ, ಕೇಳಬೇಕಲ್ಲ ಎಂದು ಕೇಳಿದರು: "ಕೈಗೆ ಕಣ್ಣಿಗೆ ಏನೂ ತೊಂದರೆ ಇಲ್ಲ ತಾನೆ?"

ಇಲ್ಲ ಸಾರ್ ಎನ್ನಲು ನಾನು ಉಸಿರು ಎಳೆದುಕೊಂಡಿದ್ದೆ.

"ಇದೆ," ಎಂದರು ಇವರು.

ಗೆದ್ದ ಆಟವನ್ನು ಎತ್ತಿ ನೀರಿಗೆಸೆದ ಹಾಗಾಯಿತು ನನಗೆ.

"ಬೆಳಿಗ್ಗೆ ಹೊತ್ತು ಬೆರಳು ಜೋಮು ಹಿಡಿಯುತ್ತೆ. ಎರಡು ದಿನ ಮುಂಚೆಯೇ ಚಕ್ರ ಸಡಿಲ ಅನ್ನಿಸ್ತಿತ್ತು ಸಾರ್. ಬೆರಳಿಗೇ ಹಾಗೆ ಅನ್ನಿಸ್ತಿದೆ ಅಂದ್ಕೊಂಡೆ. ಯಂತ್ರದ ಮೇಲೆ ಅನುಮಾನವೇ ಬರ್ಲಿಲ್ಲ. ಬಂದಿದ್ರೆ ಟೀಚರ್ ಕೈ ಉಳೀತಿತ್ತು."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಡಾಕ್ಟರ್ ನೋಡಿ ಸರಿ ಎಂದ ಮೇಲಷ್ಟೇ ಚಕ್ರ ಮುಟ್ಟಬೇಕು, ಮುಟ್ಟಿದರೂ ಪಕ್ಕದಲ್ಲಿ ಬೋಟು ಹಿಡಿಯಬಲ್ಲ ಇನ್ನೊಬ್ಬರು ಇರಲೇಬೇಕು ಎಂದರು.

"ಯಾರಿದ್ದಾರೆ ನಿಮ್ಮ ಜೊತೆ?"

"ಇವಳಿದ್ದಾಳೆ."

"ಇವರಿಗೆ ಬೋಟು ನಡೆಸೋಕೆ ಬರುತ್ತಾ?"

"ಬರಲ್ಲ. ಮಾತು ಬರುತ್ತೆ. ಉಳಿದದ್ದು ಕಲಿಸ್ತೀನಿ."

ಬ್ರೆಡ್ ಅಂಗಡಿಯವಳು ನಕ್ಕದ್ದು ಎದುರು ದಡಕ್ಕೂ ಕೇಳಿಸಿರಬೇಕು.

ಭಾನುವಾರ, ನವೆಂಬರ್ ೨೮

ಡಾಕ್ಟರ್ ಪ್ರಕಾರ ಕುತ್ತಿಗೆಯ ಹತ್ತಿರ ನರ ಒತ್ತಿಕೊಂಡಿದೆ. ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಸ್ವಲ್ಪ ಸ್ವಲ್ಪ ನಡೆಸಬಹುದು, ಬೆಳಗಿನ ಹೊತ್ತು ಬೇಡ. ಬೆಳಗಿನ ಸರದಿಗೆ, ನಾನು ಕಲಿತು ಪರೀಕ್ಷೆ ಪಾಸಾಗುವವರೆಗೆ, ಮೀನಿನ ದೋಣಿಯವನೊಬ್ಬ ಬರುತ್ತಾನೆ.

ಇವತ್ತು ಜನರನ್ನು ಹತ್ತಿಸದೆ ನಾವಿಬ್ಬರೇ ಹೋದೆವು. ನೀರಿನ ನಡುವೆ ಚಕ್ರ ಬಿಟ್ಟುಕೊಟ್ಟರು. ಹಿಡಿದೆ. ಬಲಕ್ಕೆ ತಿರುಗಿಸಿದರೆ ಬೋಟು ಕೇಳಲೇ ಇಲ್ಲ. ಇನ್ನಷ್ಟು ತಿರುಗಿಸಿದೆ, ಆಗ ಒಮ್ಮೆಗೇ ಕೇಳಿತು, ವಿಪರೀತ ಕೇಳಿತು. ಎಡಕ್ಕೆ ಎಳೆದೆ. ಹಾವಿನ ಹಾಗೆ ಹರಿದಾಡಿದೆವು.

"ತಿರುಗಿಸಿ ಕಾಯ್ಬೇಕು ಕಣೇ. ಅದಕ್ಕೆ ಮುಟ್ಟೋಕೆ ಹೊತ್ತು ಕೊಡು. ಉತ್ತರ ಬರೋ ಮುಂಚೆ ಮತ್ತೆ ಮತ್ತೆ ತಿರುಗಿಸ್ತೀಯ. ನೀನು ಮಾತಾಡೋ ಹಾಗೇ ಇದೆ."

ನನಗೆ ನಾಲ್ಕು ಉತ್ತರ ಸಿದ್ಧವಿದ್ದವು. ಚಕ್ರ ತಿರುಗಿಸಿ ಕಾದೆ. ಕಾಯುವುದು ಎಷ್ಟು ಕಷ್ಟ, ಮೈಯೆಲ್ಲ ಬೆವರಿತು. ಬೋಟು ಮೆಲ್ಲಗೆ ಮೂತಿ ಹೊರಳಿಸಿತು.

ಜೆಟ್ಟಿ ಹತ್ತಿರ ಬಂದಾಗ ಚಕ್ರ ಇವರಿಗೆ ಕೊಡೋಣವೆಂದು ಪಕ್ಕಕ್ಕೆ ಸರಿದೆ. ಇವರು ಪಕ್ಕದಲ್ಲಿರಲಿಲ್ಲ. ಹಗ್ಗ ಹಿಡಿದು ಆಗಲೇ ಮುಂದಿನ ತುದಿಗೆ ಹೋಗಿ, ನನಗೆ ಬೆನ್ನು ಹಾಕಿ, ದಡ ನೋಡುತ್ತ ನಿಂತಿದ್ದರು.

"ರೀ, ಬನ್ನಿ! ನನ್ನ ಕೈಲಾಗಲ್ಲ!"

"ಆಗುತ್ತೆ, ಮೆಲ್ಲಗೆ ದಡಕ್ಕೆ ತಾಗಿಸು," ಎಂದರು. ಹಿಂದಿರುಗಿ ನೋಡಲಿಲ್ಲ.